ಬನಕ್ಕೆ ಬಂದ ಸಂಬಳ

ದೊಡ್ಡಮ್ಮನ ಹಿಮ್ಮಡಿಯ ಬಿರುಕುಗಳಲ್ಲಿ ನಮ್ಮ ಶಕ್ತಿನಗರದ ಕೆಂಪು ಮಣ್ಣು ಕೂತಿರುತ್ತಿತ್ತು. ರೇಷ್ಮೆ ಸೀರೆ ಉಟ್ಟು ಮದುವೆಗೆ ಹೊರಟರೂ ಅದು ಹೋಗುತ್ತಿರಲಿಲ್ಲ. ಚಪ್ಪಲಿ ಇರುತ್ತಿದ್ದದ್ದು ಕೈಚೀಲದಲ್ಲಿ. ಕೇಳಿದರೆ, "ಅಲ್ಲಿ ಹೋಗಿ ಹಾಕ್ತೇನೆ, ಇಲ್ಲಿ ಎಂತಕ್ಕೆ?" ಎನ್ನುತ್ತಿದ್ದರು.

ಅವರು ನನಗೆ ನೆಂಟರಲ್ಲ, ಪಕ್ಕದ ಮನೆಯವರು. ನಮ್ಮೆರಡು ಮನೆಗಳ ನಡುವೆ ಅವರ ಕುಟುಂಬದ ನಾಗಬನ, ನಾಗನ ಕಲ್ಲಿನ ಸುತ್ತ ಬೆಳೆದ ಪುಟ್ಟ ಕಾಡು. ನಾಗರ ಪಂಚಮಿಯ ದಿನ ಬಿಟ್ಟರೆ ಅದರೊಳಗೆ ಯಾರೂ ಕಾಲಿಡುವಂತಿಲ್ಲ, ಒಣಗಿದ ಕಡ್ಡಿಯನ್ನೂ ಹೊರಗೆ ತರುವಂತಿಲ್ಲ. ಏಪ್ರಿಲ್ ಬಂತೆಂದರೆ ಸುತ್ತಲಿನ ಫ್ಲ್ಯಾಟಿನವರು ಟ್ಯಾಂಕರಿಗೆ ಫೋನ್ ಮಾಡುತ್ತಾರೆ. ಬನದ ಮಗ್ಗುಲಲ್ಲಿರುವ ನಮ್ಮ ಬಾವಿ ಬತ್ತಿದ್ದನ್ನು ನಾನು ಕಂಡಿಲ್ಲ.

ಹೋಟೆಲ್ ನಡೆಸುವ ಅವರ ತಮ್ಮನಿಗೆ ಮಾತ್ರ ಬನ ಬರೀ ಪೊದೆ. ಮರ ಕಡಿಸಿ, ನಾಗನ ಕಲ್ಲಿಗೆ ಕಾಂಕ್ರೀಟ್ ಕಟ್ಟೆ ಕಟ್ಟಿಸಿ, ಉಳಿದಲ್ಲಿ ನೆಲಕ್ಕೆ ಇಂಟರ್‌ಲಾಕ್ ಇಟ್ಟಿಗೆ ಹಾಕಿಸುವ ಹಟ ಅವರಿಗೆ. "ಇದರಿಂದ ಒಂದು ರೂಪಾಯಿ ಹುಟ್ಟುವುದಿಲ್ಲ ಅಕ್ಕ" ಎಂದರು. ದೊಡ್ಡಮ್ಮ ಆ ಮಾತನ್ನೇ ಹಿಡಿದುಕೊಂಡರು. ಸ್ವಂತ ಜಾಗದಲ್ಲಿ ಕಾಡು ಗಿಡ ನೆಟ್ಟು ಬದುಕಿಸಿದರೆ ಅರಣ್ಯ ಇಲಾಖೆ ಪ್ರೋತ್ಸಾಹಧನ ಕೊಡುತ್ತದೆಂದು ಎಲ್ಲಿಂದಲೋ ಕೇಳಿ ಬಂದು, ಆ ವರ್ಷದ ಪಂಚಮಿಯಂದೇ ಬನದ ಖಾಲಿ ಜಾಗದಲ್ಲೆಲ್ಲ ಬಕುಳ, ಹೊನ್ನೆ, ಹೆಬ್ಬಲಸು ನೆಟ್ಟರು. ಹಣ ಬಂದರೆ ಬನದ ಸುದ್ದಿಗೆ ಬರುವುದಿಲ್ಲವೆಂದು ಆ ತಮ್ಮ ಅಕ್ಕನಿಗೆ ಮಾತು ಕೊಟ್ಟರು. ಹಣ ಬರಲಿಕ್ಕಿಲ್ಲ ಎಂಬ ಧೈರ್ಯ ಅವರದು.

ಇಲಾಖೆಯ ಅಧಿಕಾರಿ ಗಿಡ ನೋಡಲು ಬಂದದ್ದು ಮುಂದಿನ ಬೇಸಗೆಯಲ್ಲಿ. ದೊಡ್ಡಮ್ಮ ಸೀಯಾಳ ಕೊಟ್ಟು ಉಪಚರಿಸಿದರು, ಬನದ ಅಂಚಿನಲ್ಲಿ ಅಡ್ಡ ನಿಂತರು.

"ಈಗ ಒಳಗೆ ಹೋಗಲಿಕ್ಕೆ ಇಲ್ಲ ಸರ್. ಪಂಚಮಿಗೆ ಬನ್ನಿ."

"ಗಿಡ ನೋಡದೆ ಹಣ ಹೇಗಮ್ಮ ಕೊಡುವುದು?"

"ಹಣಕ್ಕೆ ಬೇಕಾಗಿ ನಾನೇ ಹೋಗುವುದಿಲ್ಲ, ನಿಮ್ಮನ್ನು ಹೇಗೆ ಬಿಡಲಿ?"

ನನಗೆ ಸಿಟ್ಟು ನೆತ್ತಿಗೇರಿತು. ಬನ ಉಳಿಸಲೆಂದು ಬೇಕಾಗಿದ್ದ ಹಣವನ್ನು ಬನದ ಮರ್ಯಾದೆಗಾಗಿಯೇ ಕೈಬಿಡುವ ಹೆಂಗಸಿಗೆ ಏನು ಹೇಳುವುದು? ಜೀಪಿನವರೆಗೆ ಓಡಿ ಹೋಗಿ ಅಧಿಕಾರಿಗೆ ತಮ್ಮನ ಮಾತು, ಕಾಂಕ್ರೀಟು ಎಲ್ಲ ವಿವರಿಸಿದೆ. ಅವರು ಕೇಳಿಸಿಕೊಂಡು ಜೀಪು ಹತ್ತಿದರು.

ಪಂಚಮಿಯ ಬೆಳಿಗ್ಗೆ ಹಾಲು, ಸೀಯಾಳ ಹಿಡಿದು ನಿಂತವರ ನಡುವೆ ಮುಂಡು ಉಟ್ಟು ಬರಿಗಾಲಲ್ಲಿ ಬಂದವರೊಬ್ಬರ ಗುರುತು ನನಗೆ ಮೊದಲು ಸಿಗಲಿಲ್ಲ. ಅದೇ ಅಧಿಕಾರಿ. ಪೂಜೆ ಮುಗಿಯುವವರೆಗೆ ಕೈಮುಗಿದು ನಿಂತರು, ಅರಸಿನದ ಪ್ರಸಾದ ಹಚ್ಚಿಕೊಂಡರು, ಆಮೇಲೆ ಗಿಡಗಳ ಫೋಟೊ ತೆಗೆದುಕೊಂಡರು.

ಬಂದದ್ದು ಸಣ್ಣ ಮೊತ್ತ. ಮೊಬೈಲಿನ ಮೆಸೇಜ್ ನೋಡಿ ತಮ್ಮ ನಕ್ಕರು. "ಇಷ್ಟೆಯಾ ಅಕ್ಕ?"

"ಬನಕ್ಕೆ ಬಂದ ಸಂಬಳ ಮಾರಾಯ. ಕಡಿಮೆ ಅಂತ ಹೇಳ್ಬೇಡ."

ದೊಡ್ಡಮ್ಮ ಕಳೆದ ಮಳೆಗಾಲ ತೀರಿಕೊಂಡರು. ನನ್ನ ಮನೆಯ ಒಲೆಯ ಮೇಲೆ ಕುದಿಯುವ ಬಾವಿ ನೀರು ಅವರು ಬನ ಉಳಿಸಿ ಕೊಟ್ಟದ್ದು. ಬದುಕಿದ್ದಾಗ ಅದನ್ನು ಅವರಿಗೆ ಹೇಳಿದ್ದೆ, "ನೀರು ನಾಗನದ್ದು" ಎಂದು ಬಾಯಿ ಮುಚ್ಚಿಸಿದ್ದರು.

ಈ ಬೇಸಗೆಯಲ್ಲಿ ಮುಂದಿನ ಕಂತಿಗಾಗಿ ಗಿಡ ನೋಡಲು ಹೊಸ ಅಧಿಕಾರಿ ಬಂದರು. ದೊಡ್ಡಮ್ಮನ ತಮ್ಮನೂ ಬಂದಿದ್ದರು. ಅಕ್ಕನಿಲ್ಲದ ಮೇಲೆ ಈ ತಮ್ಮನನ್ನು ತಡೆಯುವವರು ಯಾರೆಂದು ಹೆದರಿ ನಾನು ಬಾವಿಕಟ್ಟೆಯ ಬಳಿ ಹಗ್ಗ ಹಿಡಿದುಕೊಂಡೇ ನಿಂತಿದ್ದೆ. ಅಧಿಕಾರಿ ಬನದ ಕಡೆ ಹೆಜ್ಜೆ ಹಾಕಿದರು. ತಮ್ಮ ಬೇಗಬೇಗ ಹೋಗಿ ಅಡ್ಡ ನಿಂತರು. ಅವರು ಬಿಚ್ಚಿಟ್ಟ ಶೂ ಅಂಗಳದಲ್ಲೇ ಇತ್ತು.

"ಈಗ ಒಳಗೆ ಹೋಗಲಿಕ್ಕೆ ಇಲ್ಲ ಸರ್," ಎಂದರು. "ಪಂಚಮಿಗೆ ಬನ್ನಿ."