ಗಿಣಿಮೂಗಿನ ಕಳ್ಳ

ನಾನು ಓದಿದ್ದು ಎರಡನೇ ಇಯತ್ತೆ. ಆದರೂ ಸಿದ್ದಾಪುರ ಪೇಟೆಯಿಂದ ವಾರಪತ್ರಿಕೆ ಬಂದರೆ ಅದರ ಚಿತ್ರಕತೆಯನ್ನು ಅಕ್ಷರ ಕೂಡಿಸಿ ಅತ್ತೆಗೆ ಓದಿ ಹೇಳುತ್ತಿದ್ದವಳು ನಾನೇ. ಅದರಲ್ಲೊಬ್ಬ ಗಿಣಿಮೂಗಿನ ಕಳ್ಳ. ಮೊದಮೊದಲು ಅತ್ತೆ, "ಇವನ ಕೈ ಮುರ್ದ್ ಹೋಗ್ಲಿ" ಎಂದು ಬಯ್ಯುತ್ತಿದ್ದರು. ಚಿತ್ರ ಬರೆಯುವವನು ಜಾಣ. ಒಂದು ವಾರ ಕಳ್ಳನಿಗೆ ಜ್ವರ ಬರಿಸಿದ. ಇನ್ನೊಂದು ವಾರ ಕದ್ದ ಹಲಸಿನಹಣ್ಣಿನ ಮೇಣ ಮೀಸೆಗೆ ಅಂಟಿ, ಎಣ್ಣೆ ಕೊಡುವವರಿಲ್ಲದೆ ಕಳ್ಳ ಒಬ್ಬನೇ ಕೂತಿದ್ದ. ಅಲ್ಲಿಂದ ಅತ್ತೆಯದು ಒಂದೇ ಮಾತು: "ಅಂವ ಉಂಡ್ನನೇ? ಪೋಲೀಸ್ರಿಗೆ ಸಿಕ್ಕದಿದ್ರೆ ಸಾಕು."

ಕೊನೆಗೆ ಸಿಕ್ಕಿಬಿದ್ದ. ನಾನು ಇದ್ದದ್ದನ್ನು ಇದ್ದಂತೆ ಓದಿದೆ.

"ಇಷ್ಟ್ ದಿನ ಸಾಕಿ ಈಗ ಹಿಡ್ದ್ ಕೊಟ್ನನೇ ಆ ಚಿತ್ರದಂವ?" ಎಂದು ಅತ್ತೆ ಬಾಳೆಲೆಯಲ್ಲಿದ್ದ ಅನ್ನ ಬಿಟ್ಟು ಎದ್ದರು.

ನಮ್ಮತ್ತೆಯನ್ನು ಊಟದಿಂದ ಎಬ್ಬಿಸಿದವನು ಆ ಚಿತ್ರ ಬರೆಯುವವನೊಬ್ಬನೇ.