ಚರ್ಚಿನಲ್ಲಿ ಸಿಕ್ಕ ಕಾಲುಚೀಲ

ಮಾವನ ಜೊತೆ ಪ್ರವಾಸ ಹೋಗಿದ್ದಾಗ, ಲಂಡನ್ನಿನ ಪುರಾತನ ಚರ್ಚೊಂದರ ಬಾಗಿಲಲ್ಲೇ ಚಪ್ಪಲಿ ಬಿಟ್ಟ ನಮ್ಮತ್ತೆ, ಕೊರೆಯುವ ಕಲ್ಲಿನ ಮೇಲೆ ಬರಿಗಾಲಲ್ಲಿ ಕೈಮುಗಿದು ನಿಂತಿದ್ದರು. ಎಂಬತ್ತರ ದಶಕದ ಡಿಸೆಂಬರ್ ಚಳಿ. ವಯಸ್ಸಾದ ಪಾದ್ರಿಯೊಬ್ಬರು ಆ ಕಾಲುಗಳನ್ನು ನೋಡಿ ಮರುಗಿ, ಬಡವರಿಗೆಂದು ಇಟ್ಟಿದ್ದ ಪೆಟ್ಟಿಗೆಯಿಂದ ಉಣ್ಣೆಯ ಕಾಲುಚೀಲ ತಂದುಕೊಟ್ಟರು. ಅತ್ತೆ ಅದನ್ನು ಕಣ್ಣಿಗೊತ್ತಿಕೊಂಡರು. ಚನ್ನಗಿರಿಯಲ್ಲಿ ಅಡಿಕೆ ಮಂಡಿ ನಡೆಸುತ್ತ, ಪ್ರತಿವರ್ಷ ಮಠದಲ್ಲಿ ಬಡವರಿಗೆ ಕಂಬಳಿ ಹಂಚುವ ಮಾವನ ಮುಖ ಪಕ್ಕದಲ್ಲೇ ನಿಂತು ಇದನ್ನು ನೋಡಿ ಸಣ್ಣದಾಯಿತು.

“ವಾಪಸ್ ಕೊಟ್ಟುಬಿಡು, ಅದು ಗತಿಯಿಲ್ಲದೋರಿಗೆ ಕೊಡಾದು,” ಎಂದರು.

“ದೇವರ ಗುಡಿಯಾಗೆ ಕೊಟ್ಟಿದ್ದನ್ನ ಬ್ಯಾಡ ಅನ್ನಬಾರದು ರೀ. ನಿಮ್ಮ ಕಂಬಳೀನ ಯಾರಾದ್ರೂ ಬ್ಯಾಡ ಅಂದಾರೇನು?” ಎಂದರು ಅತ್ತೆ.

ಊರಿಗೆ ಮರಳಿದ ಮೇಲೆ ಆ ಕಾಲುಚೀಲ ನಮ್ಮ ದೇವರ ಕೋಣೆ ಸೇರಿತು. ಮನೆಯಲ್ಲಿ ಪೂಜೆ ಮಾಡುವವರು ಮಾವನೇ ಆದ್ದರಿಂದ, ದಿನವೂ ಅದಕ್ಕೊಂದು ಹೂವು ಏರಿಸುವ ಕೆಲಸವೂ ಅವರ ಪಾಲಿಗೇ ಬಂತು.