ಕುರ್ಚಿಯ ಕೈಗೆ ಹಚ್ಚಿದ ಅರಿಶಿನ

ದೊಡ್ಡಬಳ್ಳಾಪುರದ ಬನಶಂಕರಿಯ ಮನೆಯ ಮಗ್ಗಗಳು ಗುಜರಿಗೆ ಹೋದ ಮೇಲೆ ಅವಳ ಕಿವಿಗೆ ಮೌನ ಒಗ್ಗಲು ಬಹಳ ಕಾಲ ಹಿಡಿಯಿತು. ಗಂಡ ಯೋಗಾನಂದನಿಗೆ ಉಬ್ಬಸ. ಮನೆಗೆ ಬರುತ್ತಿದ್ದುದು ಅವಳ ಸಂಬಳ ಮಾತ್ರ. ದೇವನಹಳ್ಳಿ ರಸ್ತೆಯ ಮ್ಯೂಸಿಯಂನಲ್ಲಿ ನೆಲ ಒರೆಸಿ, ಕುರ್ಚಿಗಳ ಧೂಳು ತೆಗೆಯುವ ಕೆಲಸ.

ಆ ಮ್ಯೂಸಿಯಂನಲ್ಲಿ ಇದ್ದುದೇ ಕುರ್ಚಿ, ಮೇಜು, ದೀಪದ ಕಂಬಗಳು. ಕಳೆದ ಶತಮಾನದಲ್ಲಿ ಹೊರದೇಶದ ಹೆಸರಾಂತ ವಿನ್ಯಾಸಕಾರರು ಮಾಡಿದವು. ಯಾರೂ ಕೂರುವಂತಿಲ್ಲ.

“ಇಷ್ಟು ಸೇವೆ ನಮ್ಮತ್ತೆಗೂ ಮಾಡ್ಲಿಲ್ಲ ಕಣೇ ನಾನು,” ಎಂದು ಬನಶಂಕರಿ ಟಿಕೆಟ್ ಕೊಡುವ ಅನಿತಳನ್ನು ನಗಿಸುತ್ತಿದ್ದಳು.

ಅಲ್ಲಿ ಒಂದು ಕುರ್ಚಿಯಿತ್ತು. ಬಣ್ಣ, ಪಾಲಿಶ್ ಕಾಣದ ಬಿಳಿಚು ಮರ. ನೂಲಿನ ಹುರಿಯಿಂದ ಹೆಣೆದ ಆಸನ. ಅದರ ಹತ್ತಿರ ಬಂದಾಗ ಅವಳ ಕೈ ತಾನಾಗಿ ನಿಧಾನವಾಗುತ್ತಿತ್ತು.

ಆಯುಧಪೂಜೆಯ ದಿನ ಸೂಪರ್‌ವೈಸರ್ ನವೀನ್‌ಕುಮಾರ್ ಅರಿಶಿನ, ಕುಂಕುಮ, ಹೂವು ತಂದಿಟ್ಟು, ಪೂಜೆ ಮುಗಿಸಿಬಿಡಿ ಎಂದು ಹೇಳಿ ಹೋದ. ಜನರೇಟರ್, ಲಿಫ್ಟ್ ಆದ ಮೇಲೆ ಬನಶಂಕರಿ ಆ ಕುರ್ಚಿಯ ಮುಂದೆ ನಿಂತಳು. ಮಗ್ಗದ ಪೂಜೆಯಲ್ಲಿ ಮರಕ್ಕಷ್ಟೇ ಹಚ್ಚುವುದು, ನೂಲಿಗೆ ತಾಗಿಸುವಂತಿಲ್ಲ. ಹಾಗೆಯೇ, ಹುರಿಗೆ ಸೋಂಕದಂತೆ, ಕುರ್ಚಿಯ ಕೈಮರಕ್ಕೆ ಕಲಸಿದ ಅರಿಶಿನ ಬಳಿದು, ಕುಂಕುಮವಿಟ್ಟು ಕೈ ಮುಗಿದಳು. ಮಗ್ಗದ ಮರ ವರ್ಷಗಟ್ಟಲೆ ಎಣ್ಣೆ ಕುಡಿದು ಕಪ್ಪಾಗಿರುತ್ತದೆ. ಹಚ್ಚಿದ್ದು ಮೇಲೆಯೇ ನಿಲ್ಲುತ್ತದೆ. ಈ ಮರ ಬಾಯಾರಿದ್ದಂತೆ ಹೀರಿಕೊಂಡಿತು. ಒರೆಸಿದಷ್ಟೂ ಹಳದಿ ಹರಡಿತು.

“ಕುರ್ಚಿಗೆ ಹಚ್ಚು ಅಂತ ಯಾರಮ್ಮ ಹೇಳಿದ್ರು ನಿಂಗೆ?” ನವೀನ್‌ಕುಮಾರನ ಮುಖ ಬೆಳ್ಳಗಾಗಿತ್ತು.

“ಪೂಜೆ ಮಾಡಿ ಅಂದ್ರಲ್ಲ ಸಾರ್.”

“ಜನರೇಟರ್‌ಗೆ, ಲಿಫ್ಟ್‌ಗೆ ಕಣಮ್ಮ.”

“ನಾನು ದಿನಾ ಒರೆಸೋದು ಇದನ್ನಲ್ವಾ ಸಾರ್? ನಂಗೆ ಅನ್ನ ಹಾಕೋದು ಇದು ತಾನೆ?”

ಸಂಜೆಯೊಳಗೆ ಅವಳ ಕೊರಳಿನ ಗುರುತಿನ ಚೀಟಿ ತೆಗೆಸಿಕೊಂಡರು.

ಯುಗಾದಿಯ ಹೊತ್ತಿಗೆ ಅನಿತ ಮನೆಗೆ ಬಂದು ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ಅದೇ ಕುರ್ಚಿ. ಕಲೆ ಹೋಗಿರಲಿಲ್ಲ, ಅದರ ಮೇಲೆ ಬೇರೆಯೇ ಒಂದು ದೀಪ ಹಾಕಿದ್ದರು. ಕೆಳಗಿನ ಫಲಕದಲ್ಲಿ ಹೊಸ ಸಾಲು: ‘ಕೈಯ ಮೇಲಿರುವುದು ಈ ನೆಲದ ಜನರ ಶ್ರದ್ಧೆಯ ಗುರುತು.’

“ಬಂದೋರೆಲ್ಲ ಅದ್ರದ್ದೇ ಫೋಟೋ ಹೊಡ್ಕೋತಾರೆ ಕಣಕ್ಕ.”

ಬನಶಂಕರಿ ಎರಡು ಸಲ ಓದಿದಳು. “ಹಂಗಾದ್ರೆ ನಂದು ತಪ್ಪಲ್ಲ ಅಂತ ಅವ್ರೇ ಬರ್ದವ್ರಲ್ಲ. ಬಂದು ಕೆಲ್ಸ ಕೇಳ್ಲಾ?”

“ಬೇರೆಯೋರ್ನ ಹಾಕ್ಕೊಂಡವ್ರೆ ಅಕ್ಕ.” ಅನಿತ ಫೋನನ್ನು ಚೀಲಕ್ಕೆ ಸೇರಿಸಿದಳು.

ಆದರೂ ಮರುದಿನ ಬನಶಂಕರಿ ಮ್ಯೂಸಿಯಂಗೆ ಹೋದಳು. ಗೇಟಿನಲ್ಲಿ ಬೈಲಪ್ಪ, ದಿನವೂ ಅವಳ ಜೊತೆ ಟೀ ಕುಡಿಯುತ್ತಿದ್ದ ಕಾವಲುಗಾರ. ಅವನು ಅವಳ ಮುಖ ನೋಡಲಿಲ್ಲ.

“ಒಳಗೆ ಬಿಟ್ರೆ ನನ್ ಕೆಲ್ಸನೂ ಹೋಗುತ್ತೆ ಕಣಕ್ಕ.”

“ನೀನೇ ಒಂದ್ಮಾತು ಕೇಳ್ನೋಡಪ್ಪ. ಆ ಕಲೆ ಹಚ್ಚಿದೋಳು ಬಂದವ್ಳೆ ಅನ್ನು.”

ಹಿಂದಿನಿಂದ ಶಾಲೆಯೊಂದರ ಬಸ್ಸು ಹಾರನ್ ಹೊಡೆಯಿತು. ಬೈಲಪ್ಪ ಗೇಟು ತೆರೆದು, ಸ್ವಲ್ಪ ಪಕ್ಕಕ್ಕೆ ನಿಂತ್ಕೊ ಎಂದ. ಅವಳು ನಿಂತುಕೊಂಡಳು. ಬಸ್ಸು ಒಳಗೆ ಹೋಯಿತು.